ಹೊಕ್ಕೇನಿ ಅನ್ನುವ ಮಾಸ್ತರ

ಲಕ್ಷ್ಮೇಶ್ವರದ ಶಾಲೆಯಲ್ಲಿ ಕೊಟ್ರಪ್ಪ ಮಾಸ್ತರರಿಗೆ 'ಗೋ ಮಾಸ್ತರ' ಎಂದು ಅಡ್ಡಹೆಸರು ಬಿದ್ದದ್ದಕ್ಕೆ ಅವರೇ ಕಾರಣ. ಇಂಗ್ಲಿಷ್ ಕಲಿಸುವವರು ಬೇರೆಯವರೂ ಇದ್ದರು. ಅವರು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ, ಅವರಿಗೆ ಅಡ್ಡಹೆಸರೂ ಬೀಳಲಿಲ್ಲ. ಇವರು ಮಾತ್ರ ಪಾಠವನ್ನು ಕಾಲಿನಿಂದ ಕಲಿಸುವ ಮನುಷ್ಯ. 'ಗೋ' ಪಾಠ ಬಂದ ದಿನ ಕರಿ ಟೊಪ್ಪಿಗೆ ತಲೆಗಿಟ್ಟು, ಕೊಡೆ ಕಂಕುಳಲ್ಲಿ ಅವುಚಿಕೊಂಡು, ಕರಿಹಲಗೆಯ ಮುಂದಿನಿಂದ ಬಾಗಿಲ ಕಡೆ ಬಿರಬಿರನೆ ನಡೆಯುವರು.

"ಇದು ಗೋ. ಹೋಗಾವನ ಕಣ್ಣು ಮುಂದಿನ ಊರಿನ ಮ್ಯಾಲ ಇರತೈತಿ."

ಹೊಸ್ತಿಲಿಗೆ ಬಂದು ನಿಂತು, ತಿರುಗಿ, ಇಡೀ ವರ್ಗವನ್ನು ಒಮ್ಮೆ ಕಣ್ತುಂಬ ನೋಡುವರು. "ಇದು ಲೀವ್. ಇಲ್ಲಿ ಕಣ್ಣು ಹಿಂದ. ಏನು ಬಿಟ್ಟು ಹೊಂಟೇವಿ ಅನ್ನೂದು ಇದರಾಗ ಐತಿ. ಡಿಪಾರ್ಟ್ ಅನ್ನೂದು ರೈಲಿಗಿರಲಿ, ನಮ್ಮಂಥಾ ಬಡವರಿಗೆ ಬ್ಯಾಡ."

ಆಮೇಲೆ ಹೊಸ್ತಿಲು ದಾಟಿ ಪಡಸಾಲೆಯಲ್ಲಿ ಮಾಯವಾಗುವರು. ಒಂದಷ್ಟು ಹೊತ್ತು ಏನೂ ಇಲ್ಲ. ಹುಡುಗರು ಉಸಿರು ಬಿಗಿಹಿಡಿದು ಬಾಗಿಲ ಕಡೆ ನೋಡುತ್ತ ಕೂತಿರುವಾಗ ಮೊದಲು ಕೊಡೆಯ ತುದಿ ಒಳಬಂದು, ಅದರ ಹಿಂದೆ ಮಾಸ್ತರರು ಬರುವರು. "ಇದು ರಿಟರ್ನ್! ತಿಳೀತಿಲ್ಲೋ? ಹೋಗಾವ ತಿರುಗಿ ಬರ್ತಾನಂತ 'ಗೋ' ಎಲ್ಲಿಯೂ ಮಾತು ಕೊಟ್ಟಿಲ್ಲ."

ಇಷ್ಟು ಕುಣಿದರೂ ಪರೀಕ್ಷೆಯಲ್ಲಿ ಅರ್ಧ ಹುಡುಗರು 'ಐ ಗೋ ಅಂಡ್ ಕಮ್' ಎಂದೇ ಬರೆಯುತ್ತಿದ್ದರು. ಅವರದೇನು ತಪ್ಪು? ಮನೆಯಿಂದ ಹೊರಡುವ ಮನುಷ್ಯ 'ಹೋಗಿ ಬರ್ತೇನಿ' ಅನ್ನದೆ ಬರೀ 'ಹೊಕ್ಕೇನಿ', ಅಂದರೆ ಹೋಗುತ್ತೇನೆ, ಎಂದದ್ದನ್ನು ಅವರು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹಾಗೆ ಅನ್ನುವವನೆಂದರೆ ಮನೆಯವರ ಮೇಲೆ ಮುನಿಸಿಕೊಂಡವ, ಇಲ್ಲವೆ ಸಾಯಹೊರಟವ. ಮಾಸ್ತರರಿಗೆ ಇದೇ ಸಿಟ್ಟು. ಹೋಗುವುದನ್ನು ಹೋಗುವುದು ಎಂದು ಹೇಳಲು ಹೆದರುವ ಮಂದಿ ಸ್ವರಾಜ್ಯ ತಗೊಂಡು ಏನು ಮಾಡುತ್ತಾರೆ ಎಂದು ಕೇಳುವರು. ಸ್ವರಾಜ್ಯಕ್ಕೂ ಅದಕ್ಕೂ ಏನು ಸಂಬಂಧವೋ ದೇವರೇ ಬಲ್ಲ. ಆದರೆ ನುಡಿದಂತೆ ನಡೆಯುವ ಹಟದವರು. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವಾಗ ಹೊಸ್ತಿಲಲ್ಲಿ ನಿಂತು ಗಟ್ಟಿಯಾಗಿ "ಹೊಕ್ಕೇನಿ" ಅನ್ನುವರು.

ಅವರ ಹೆಂಡತಿ ಅನ್ನಪೂರ್ಣವ್ವ ಕಳಸಾಪುರದ ಒಕ್ಕಲಮನೆಯ ಹೆಣ್ಣು. ಗಂಡನ ಜೊತೆ ವಾದಕ್ಕೆ ಇಳಿದವಳಲ್ಲ. ಅವರು "ಹೊಕ್ಕೇನಿ" ಅಂದ ಕೂಡಲೇ ಒಲೆಯ ಮುಂದೆ ಕೂತಲ್ಲಿಂದಲೇ "ಹೋಗಿ ಬರ್ರಿ" ಅನ್ನುವಳು. ಅವರು ಅರ್ಧಕ್ಕೆ ಬಿಟ್ಟ ಸೀರೆಯ ಅಂಚನ್ನು ಇವಳು ಹೊಲಿದು ಮುಗಿಸಿದ ಹಾಗೆ. ಮಾಸ್ತರರು ನಕ್ಕು ಮೆಟ್ಟಿಲು ಇಳಿಯುವರು. ಮದುವೆಯಾದಾಗಿನಿಂದ ಹೀಗೆ ನಡೆದಿತ್ತು, ಮಕ್ಕಳಾಗಿರಲಿಲ್ಲ, ಇಬ್ಬರಿಗೂ ಮುಂಜಾನೆಯ ಆ ಎರಡು ಮಾತು ಒಂದು ಆಟದಂತೆ ಇತ್ತು.

ಮಿರಜದ ರಾಜರ ಆಳಿಕೆ ಮುಗಿದು ಲಕ್ಷ್ಮೇಶ್ವರ ಮುಂಬಯಿ ಸರಕಾರಕ್ಕೆ ಸೇರಿದ ಮರುವರ್ಷ ಅವರ ಮನೆಯ ಮಾಲಕರ ಹೆಂಡತಿ ತೀರಿಕೊಂಡಳು. ಮಾಲಕ ನಿಜಲಿಂಗಪ್ಪ ಸಾವಕಾರ ಕಾಳುಕಡಿ ವ್ಯಾಪಾರಿ. ಸೋಮೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವರ ದೊಡ್ಡ ಮನೆ, ಅದರ ಎದುರಿಗೆ ಮಾಸ್ತರರ ಬಾಡಿಗೆ ಮನೆ. ಸಾವಕಾರರ ಹೆಂಡತಿ ಕಳಕವ್ವನ ಮುಖವನ್ನು ಮಾಸ್ತರರು ನೋಡಿದ್ದೇ ಕಡಿಮೆ. ದನಿ ಮಾತ್ರ ಗೊತ್ತಿತ್ತು. ಯಾರೇ ಬಂದು ಹೊರಟರೂ ಆಕೆ ಅಡಿಗೆಮನೆಯ ಕತ್ತಲೆಯಿಂದಲೇ "ಬರ್ರಿ" ಅನ್ನುತ್ತಿದ್ದಳು, ಸ್ವಲ್ಪ ಎಳೆದು, ಮೂಗಿನಲ್ಲಿ.

ಮಾತಾಡಿಸಿಕೊಂಡು ಬರಲು ಮಾಸ್ತರರು ಹೋದರು. ಜೊತೆಗೆ ಪಕ್ಕದ ಮನೆಯ ಸಿಂಪಿಗ ಲಾಡಸಾಬನೂ ಇದ್ದ. ಸತ್ತ ಮನೆಗೆ ಮಾತಾಡಿಸಲು ಹೋದವರು ಏಳುವಾಗ ಮಾತಾಡಬಾರದು. ಕೂತಷ್ಟು ಹೊತ್ತು ಕೂತು, ಎದ್ದು, ಹಿಂದೆ ನೋಡದೆ ನಡೆಯಬೇಕು. ಅಲ್ಲಿ 'ಬರ್ತೇನಿ' ಅಂದರೆ ಮತ್ತೆ ಇಂಥದ್ದಕ್ಕೇ ಬರುತ್ತೇನೆ ಎಂದಂತೆ. ಇದನ್ನು ಕೂಸಿಗೂ ಯಾರೂ ಕಲಿಸಬೇಕಾಗಿಲ್ಲ.

ಸಾವಕಾರರಿಗೆ ಮಕ್ಕಳಿರಲಿಲ್ಲ. ಜೋಳದ ಚೀಲಗಳ ನಡುವೆ ಗೋಡೆಗೆ ಒರಗಿ ಕೂತಿದ್ದರು. ಬಂದವರು ಒಬ್ಬೊಬ್ಬರೇ ಎದ್ದು ಸದ್ದಿಲ್ಲದೆ ಹೋದರು. ಪ್ರತಿಯೊಬ್ಬನೂ ಎದ್ದಾಗ ಸಾವಕಾರರು ತಲೆ ಎತ್ತಿ ನೋಡುವರು, ಅವನು ಏನಾದರೂ ಅನ್ನುತ್ತಾನೇನೋ ಎಂಬಂತೆ. ಅವನು ಏನೂ ಅನ್ನದೆ ಹೋಗುವನು. ತಲೆ ಮತ್ತೆ ಕೆಳಗೆ. ಇದೆಂಥ ರೀತಿ, ಇರುವ ಒಬ್ಬ ಜೀವಂತ ಮನುಷ್ಯನನ್ನು ಎಲ್ಲರೂ ಕೂಡಿ ಹೂಳಿ ಹೋದಂತೆ ಎಂದು ಮಾಸ್ತರರಿಗೆ ಅನಿಸಿತು. ತಾವು ಏಳುವಾಗ ಅವರ ಕೈ ಹಿಡಿದು, ಜನ್ಮದಲ್ಲಿ ಒಮ್ಮೆಯೂ ಅನ್ನದಿದ್ದ ಮಾತನ್ನು ಅಂದುಬಿಟ್ಟರು.

"ಬರ್ತೇನ್ರಿ ಸಾವಕಾರ್ರ."

ಲಾಡಸಾಬ ಗಪ್ಪನೆ ಅವರ ತೋಳು ಹಿಡಿದ. ಅಷ್ಟರಲ್ಲಿ ಅಡಿಗೆಮನೆಯ ಕತ್ತಲೆಯಿಂದ, ಸ್ವಲ್ಪ ಎಳೆದು, ಮೂಗಿನಲ್ಲಿ, "ಬರ್ರಿ" ಎಂದು ಬಂತು.

ಬೀದಿಗೆ ಬಂದ ಮೇಲೆ ಮಾಸ್ತರರು ಕೇಳಿದರು. "ಒಳಗ ಯಾರಿದ್ರು ಲಾಡಸಾಬ?"

"ಯಾರಿರತಾರ್ರಿ? ಒಲಿ ಸೈತ ಹಚ್ಚಿಲ್ಲ ಆ ಮನ್ಯಾಗ. ಅಲ್ರಿ ಮಾಸ್ತರ್ರ, ಶಾಣ್ಯಾರಾಗಿ ಅಲ್ಲಿ ಎಂಥಾ ಮಾತು ಅಂದ್ರಿ! ಈಗಿಂದೀಗ ತಲಿಮ್ಯಾಲ ನೀರು ಹಾಕ್ಕೊಂಡು ದೇವರಿಗೆ ಕೈ ಮುಗೀರಿ."

ಮಾಸ್ತರರು ನೀರು ಹಾಕಿಕೊಂಡು ಬಚ್ಚಲಿನಿಂದ ಹೊರಗೆ ಬಂದರೆ ಅನ್ನಪೂರ್ಣವ್ವ ಒಗೆದ ಪಂಚೆ ಹಿಡಿದು ನಿಂತಿದ್ದಳು. ಮುಖ ಕೆಂಪಾಗಿತ್ತು. ಗಂಡನ ಕಡೆ ನೋಡದೆ, ಪಂಚೆಯ ಅಂಚನ್ನು ಮಡಚುತ್ತ, ಎರಡು ತಿಂಗಳಾಯಿತೆಂದು ಹೇಳಿದಳು. ಇಷ್ಟು ವರ್ಷ ಕಾದ ಸುದ್ದಿ. ಮಾಸ್ತರರು ಕುಣಿಯಬೇಕಿತ್ತು. ತಲೆಯಿಂದ ನೀರು ಇಳಿಯುತ್ತಿದ್ದ ಅವರ ಕಣ್ಣು ತಾನಾಗಿ ಎದುರು ಮನೆಯ ಬಾಗಿಲಿಗೆ ಹೋಯಿತು.

ಅವತ್ತಿನಿಂದ ಮಾಸ್ತರರಿಗೆ ಒಂದೇ ಚಿಂತೆ ಹತ್ತಿತು: ಸತ್ತ ಮನೆಗೆ ತಾನು ಕೊಟ್ಟುಬಂದ ಮಾತು ತಿರುಗಿ ತನ್ನ ಮನೆಗೆ ಬಂದರೆ, ಬರುವುದು ಅನ್ನಪೂರ್ಣವ್ವನ ಮೇಲೆಯೇ. ಇಂಥದ್ದನ್ನೆಲ್ಲ ನಂಬದ ಮನುಷ್ಯ ನಂಬತೊಡಗಿದರೆ ನಂಬುವವರಿಗಿಂತ ಹೆಚ್ಚು ನಂಬುತ್ತಾನೆ. ಆ ಮನೆಗೆ ಇನ್ನೊಮ್ಮೆ ಹೋಗಿ, ಬಿಡುವಾಗ ಖಡಾಖಂಡಿತವಾಗಿ 'ಹೊಕ್ಕೇನಿ' ಎಂದು ಹೇಳಿ ಬಂದರೆ ಗಂಟು ಬಿಚ್ಚಿಕೊಳ್ಳುತ್ತದೆ ಎಂದು ಅವರೇ ತೀರ್ಮಾನ ಮಾಡಿದರು. ಅವರಿಗಿಂತ ಸಲೀಸಾಗಿ ಆ ಮಾತು ಹೇಳುವವರು ಊರಲ್ಲಿ ಯಾರಿದ್ದರು?

ಒಂದು ರವಿವಾರ ಮಟಮಟ ಮಧ್ಯಾಹ್ನ ಹೋದರು. ಓಣಿಯಲ್ಲಿ ನರಪಿಳ್ಳೆಯಿಲ್ಲ. ಒಳಗೆ ಸಾವಕಾರರು ಅದೇ ಗೋಡೆಗೆ ಅದೇ ರೀತಿ ಒರಗಿ ಕೂತಿದ್ದರು. ಪಕ್ಕದಲ್ಲಿ ಒಂದು ಚಾಪೆ ಹಾಸಿತ್ತು, ತಾಮ್ರದ ತಂಬಿಗೆಯಲ್ಲಿ ನೀರಿತ್ತು, ಯಾರೋ ಬರುತ್ತಾರೆಂದು ಮೊದಲೇ ಇಟ್ಟಂತೆ.

"ಕುಂಡ್ರಿ ಮಾಸ್ತರ್ರ. ಬರ್ತೀರಂತ ಗೊತ್ತಿತ್ತು."

ಮಾಸ್ತರರು ಕೂತರು. ಮಳೆ, ಶೇಂಗಾ ಧಾರಣಿ, ಮುಂಡರಗಿಯ ಕಡೆ ಗಡಿಯಲ್ಲಿ ಹಿಂದಿನ ವರ್ಷ ನಡೆದ ಗದ್ದಲ, ಎಲ್ಲ ಮಾತಾಡಿದರು. ಮಾತಾಡುತ್ತಿದ್ದಷ್ಟೂ ಹೊತ್ತು ಅಡಿಗೆಮನೆಯ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು. ಕೊನೆಗೆ ಎದ್ದು ಹೊಸ್ತಿಲಿಗೆ ಬಂದು ಬಾಯಿ ತೆರೆದರು. ನಾಲಗೆ ಏಳಲಿಲ್ಲ. ಮೊದಲು ಇಂಗ್ಲಿಷಿನಲ್ಲಿ "ಐ ಗೋ" ಅಂದರು. "ಐ ಲೀವ್" ಅಂದರು. ಕಾಳಿನ ವಾಸನೆಯ ಆ ಕತ್ತಲೆಗೆ ಇಂಗ್ಲಿಷ್ ಎಲ್ಲಿ ತಿಳಿಯಬೇಕು, ಚೀಲಗಳಿಗೆ ತಾಗಿ ಮಾತು ಅಲ್ಲೇ ಬಿತ್ತು. ಎಲ್ಲ ಬಲ ಹಾಕಿ ಕನ್ನಡದಲ್ಲಿ ಹೇಳಲು ಹೋದರೆ ಬಾಯಿಂದ ಬಂದದ್ದು ಮತ್ತೆ ಅದೇ.

"ಬರ್ತೇನ್ರಿ."

"ಬರ್ರಿ" ಎಂದಿತು ಒಳಗಿನ ದನಿ.

ಸಾವಕಾರರು ಗಾಬರಿಯಾಗಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. "ನಿಮಗೂ ಕೇಳಿತಿಲ್ರಿ? ಬಂದಾವರಿಗೆಲ್ಲಾ ಅಂತಾಳ ಮಾಸ್ತರ್ರ. ನನಗ ಮಾತ್ರ ಅನ್ನಾಂಗಿಲ್ಲ. ನಾ ಒಂದಿನಾನೂ ಅಕಿಗೆ ಹೇಳಿ ಹೊರಗ ಹೋದಾವಲ್ಲ. ಈಗ ದಿನಾ ಹೊಸ್ತಿಲದಾಗ ನಿಂತು ಹೇಳತೇನಿ. ಸುಮ್ನ ಇರತಾಳ."

ಮಾಸ್ತರರು ಅಲ್ಲಿಂದ ಓಡಲಿಲ್ಲ ಅನ್ನುವುದೊಂದೇ ಅವರ ಮರ್ಯಾದೆ. ಮಾರನೆಯ ಬೆಳಿಗ್ಗೆ ಶಾಲೆಗೆ ಹೊರಟವರು ತಮ್ಮ ಮನೆಯ ಹೊಸ್ತಿಲಲ್ಲಿ ಗಕ್ಕನೆ ನಿಂತರು. 'ಹೊಕ್ಕೇನಿ' ಅನ್ನಲು ಭಯ, 'ಬರ್ತೇನಿ' ಅನ್ನಲೂ ಭಯ. ಏನೂ ಅನ್ನದೆ ಮೆಟ್ಟಿಲು ಇಳಿದರು. ಎರಡು ದಿನ ಹೀಗೇ ಆಯಿತು. ಮೂರನೆಯ ದಿನ ಅನ್ನಪೂರ್ಣವ್ವ ಒಲೆ ಬಿಟ್ಟೆದ್ದು ಬಂದು ಬಾಗಿಲಿಗೆ ಅಡ್ಡ ನಿಂತಳು.

"ಸುಮ್ಮನ ಎದ್ದು ಹೊಕ್ಕೀರಲ್ಲ, ಇದೇನು ಸತ್ತ ಮನಿ ಐತೇನ್ರಿ?"

ಜಗಳವಾಡದ ಹೆಂಗಸು ಅಷ್ಟು ಅಂದದ್ದಕ್ಕೆ ಮಾಸ್ತರರು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದರು. ಅವಳು ಪೂರ್ತಿ ಕೇಳಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. "ಪಾಪ, ಕಳಕವ್ವ ಒಳ್ಳೆ ಹೆಂಗಸು. ಬಂದಾವರನ್ನ ಬಾ ಅನ್ನೂದು ಬಿಟ್ರ ಅಕಿಗೆ ಬ್ಯಾರೆ ಏನು ಗೊತ್ತಿತ್ತು? ನೀವು ನನಗ ಏನರ ಅನ್ರಿ. ಹೊಕ್ಕೇನಿ ಅನ್ರಿ, ಇಂಗ್ಲಿಷಿನ್ಯಾಗ ಅನ್ರಿ. ಬರ್ರಿ ಅನ್ನಾಕ ನಾ ಇದ್ದೇನಿ."

ಅವತ್ತಿನಿಂದ ಮಾಸ್ತರರು ಹೆಂಡತಿಗೆ "ಬರ್ತೇನಿ" ಅನ್ನತೊಡಗಿದರು. ಬಾಯಿಗೆ ಎಷ್ಟು ಹಿತವಾಗಿತ್ತು ಆ ಮಾತು! ಇಷ್ಟು ವರ್ಷ ಯಾಕೆ ಅನ್ನಲಿಲ್ಲವೋ ಎಂದು ತಮ್ಮ ಮೇಲೆಯೇ ಸಿಟ್ಟು ಬಂತು.

ಬಾಣಂತನಕ್ಕೆ ತವರಿಗೆ ಹೊರಟ ದಿನ ಇದ್ದಿಲ ಬಸ್ಸು ಹೊಗೆ ಕಾರುತ್ತ ನಿಂತಿತ್ತು. ಕಿಟಕಿಯಿಂದ ಅನ್ನಪೂರ್ಣವ್ವ "ಬರ್ತೇನ್ರಿ" ಅಂದಳು. ಅದೇ ಹೊತ್ತಿಗೆ ಎಂಜಿನ್ನು ಗುಡುಗಿ, ತಾವು ಅಂದದ್ದು ಅವಳಿಗೆ ಕೇಳಿತೋ ಇಲ್ಲವೋ ಎಂದು ಮಾಸ್ತರರು ಟೊಪ್ಪಿಗೆ ಕೈಯಲ್ಲಿ ಹಿಡಿದು "ಹೋಗಿ ಬಾ! ಹೋಗಿ ಬಾ!" ಎಂದು ಕೂಗುತ್ತ ಬಸ್ಸಿನ ಹಿಂದೆ ಶಿರಹಟ್ಟಿ ರಸ್ತೆಯಲ್ಲಿ ಓಡಿದರು. ನಿಂತವರೆಲ್ಲ ನಕ್ಕರು. ಗೋ ಮಾಸ್ತರರಿಗೆ ಕಡೆಗೂ ಬುದ್ಧಿ ಬಂತೆಂದು ಯಾರೋ ಅಂದರು.

ಒಬ್ಬರೇ ಇದ್ದಾಗಲೂ ಅವರು ರೂಢಿ ಬಿಡಲಿಲ್ಲ. ಬಾಗಿಲಿಗೆ ಕೀಲಿ ಹಾಕಿ, ಖಾಲಿ ಮನೆಗೇ "ಬರ್ತೇನಿ" ಎಂದು ಹೇಳಿ ಹೋಗುವರು. ಒಂದು ಬೆಳಿಗ್ಗೆ ಕೀಲಿ ಹಾಕಿ, ಜಗ್ಗಿ ನೋಡಿ, ಹಾಗೆಂದು ಬೆನ್ನು ತಿರುಗಿಸಿದರು.

"ಹೋಗಿ ಬರ್ರಿ."

ಮೊದಲು ಅವರಿಗೆ ಖುಷಿಯೇ ಆಯಿತು. ಮುಖದ ತುಂಬ ನಗು ಬಂತು, ದಿನದ ಹಾಗೆ ಒಂದು ಮೆಟ್ಟಿಲು ಇಳಿದೂಬಿಟ್ಟರು. ಎರಡನೆಯ ಮೆಟ್ಟಿಲಲ್ಲಿ ಕಾಲು ನಿಂತಿತು. ಕೈಯಲ್ಲಿ ಕೀಲಿ ಇತ್ತು. ಬಾಗಿಲು ತೆರೆದು ಒಳಗೆ ಹೋದರು. ಒಲೆಯ ಬೂದಿ ತಣ್ಣಗಿತ್ತು. ಅವಳು ಕೂರುವ ಮಣೆ ಅವಳು ಗೋಡೆಗೆ ಆನಿಸಿಟ್ಟು ಹೋದಂತೆಯೇ ಇತ್ತು. ಮಾಸ್ತರರು ಶಾಲೆಯ ಕಡೆ ತಿರುಗಿಯೂ ನೋಡದೆ ಬಸ್ಸಿಗೆ ಓಡಿದರು.

ಗದಗಿನಲ್ಲಿ ಇಳಿದು ಕಳಸಾಪುರಕ್ಕೆ ನಡೆದು ಮುಟ್ಟುವಾಗ ಹೊತ್ತು ಇಳಿದಿತ್ತು. ಅತ್ತೆ ಅಮೃತವ್ವನ ಬಾಯಿ ದೊಡ್ಡದು. ಅಳಿಯ ಓಣಿಯ ಮೂಲೆಯಲ್ಲಿ ಕಂಡರೆ ಸಾಕು, "ಬರ್ರಿ ಬರ್ರಿ, ಅಳಿಯಾರು ಬಂದ್ರು!" ಎಂದು ಊರಿಗೆಲ್ಲ ಕೇಳುವಂತೆ ಕೂಗಿ, ಕಾಲಿಗೆ ನೀರು ತರುವಳು. ಅಂದೂ ಅಮೃತವ್ವ ಕಟ್ಟೆಯ ಮೇಲೆ ಕೂತಿದ್ದಳು. ಸುತ್ತ ಹೆಂಗಸರಿದ್ದರು, ಅಂಗಳದಲ್ಲಿ ಗಂಡಸರಿದ್ದರು. ಮಾಸ್ತರರು ಅಂಗಳದ ಅಂಚಿನಲ್ಲಿ ಕೊಡೆ ಹಿಡಿದು ನಿಂತರು. ಎಲ್ಲರೂ ಅವರನ್ನು ನೋಡಿದರು.

ಯಾರೂ ಬರ್ರಿ ಅನ್ನಲಿಲ್ಲ.

ಅವರು ಅಲ್ಲೇ ನಿಂತಿದ್ದರು. ಬಾ ಎಂದು ಯಾರಾದರೂ ಒಬ್ಬರು ಅನ್ನಲಿ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದರು. ಕಡೆಗೆ ಒಳಗೆ ಕೂಸೊಂದು ಅತ್ತಿತು. ಅಮೃತವ್ವ ಎದ್ದು ಹೋಗಿ ಹಳೆ ಸೀರೆಯಲ್ಲಿ ಸುತ್ತಿದ ಹೆಣ್ಣುಕೂಸನ್ನು ತಂದು, ಮಾತಿಲ್ಲದೆ, ಅವರ ತೋಳಿಗೆ ಹಾಕಿದಳು. ಬೆಳಗಿನ ಜಾವ ಹೆರಿಗೆಯಾಗಿತ್ತು. ಹೊತ್ತು ಏರುವಷ್ಟರಲ್ಲಿ ಅನ್ನಪೂರ್ಣವ್ವ ಹೋಗಿಬಿಟ್ಟಿದ್ದಳು, ಅವರು ಕೀಲಿ ಹಾಕುತ್ತಿದ್ದ ಹೊತ್ತಿಗೆ.

ಕಾರ್ಯ ಮುಗಿದ ಮೇಲೆ ಬಂದವರೆಲ್ಲ ಒಬ್ಬೊಬ್ಬರೇ ಎದ್ದು ಸದ್ದಿಲ್ಲದೆ ಹೋದರು. ಮಾಸ್ತರರೂ ಎದ್ದರು. ಶಾಲೆ ಕಾದಿತ್ತು. ಹೊಸ್ತಿಲ ಈಚೆ ಅವರು, ಆಚೆ ತೊಟ್ಟಿಲು. ಇದು ಸತ್ತ ಮನೆ, ಇಲ್ಲಿ ಬರ್ತೇನಿ ಅನ್ನುವಂತಿಲ್ಲ. ತೊಟ್ಟಿಲಲ್ಲಿರುವ ಮಗಳಿಗೆ ಹೊಕ್ಕೇನಿ ಎಂದು ಹೇಗೆ ಅನ್ನುವುದು? ಏನೂ ಅನ್ನದೆ ಹೋಗಲು ಅದು ಪರರ ಮನೆಯಲ್ಲ. ಎರಡು ಭಾಷೆಯಲ್ಲಿಯೂ ಮಾತು ಹುಡುಕಿ ಸೋತು, ಟೊಪ್ಪಿಗೆ ತೆಗೆದು, ಅಲ್ಲೇ ಕೂತರು. ಕೂತವರು ಏಳಲಿಲ್ಲ. ಇಂಗ್ಲಿಷ್ ಕಲಿಸುವ ಕೆಲಸ ಬಿಟ್ಟು ಅದೇ ಊರಿನ ಕನ್ನಡ ಶಾಲೆಗೆ ವರ್ಗ ಮಾಡಿಸಿಕೊಂಡು, ಸಣ್ಣ ಮಕ್ಕಳಿಗೆ ಅ ಆ ತಿದ್ದಿಸಿದರು. ಮನೆಯಳಿಯ ಎಂದು ಜನ ಆಡಿಕೊಂಡರು. ಲಕ್ಷ್ಮೇಶ್ವರಕ್ಕೆ ಮಾತ್ರ ವರ್ಷಗಟ್ಟಲೆ ಹೋಗಲಿಲ್ಲ. ಕೀಲಿಯನ್ನು ಬಸ್ಸಿನವನ ಕೈಯಲ್ಲಿ ಲಾಡಸಾಬನಿಗೆ ಕಳಿಸಿಕೊಟ್ಟರು.

ಕನ್ನಡ ನಾಡು ಒಂದಾದ ದಿನ ಗದಗಿನ ಮೆರವಣಿಗೆ ನೋಡಲು ಬಂದ ಲಾಡಸಾಬ ಕಳಸಾಪುರಕ್ಕೂ ಬಂದ. ಶಾಲೆಯಲ್ಲಿ ಕೊಟ್ಟ ಪೇಢೆ ತಿನ್ನುತ್ತ ಮಗಳು ಸುಮಿತ್ರವ್ವ ಅಪ್ಪನ ತೊಡೆಗೆ ಒರಗಿದ್ದಳು. ಲಾಡಸಾಬ ಅವಳನ್ನು ನೋಡಿ, ಮಾಸ್ತರರನ್ನು ನೋಡಿ, ದನಿ ತಗ್ಗಿಸಿದ.

"ಸಾವಕಾರ್ರು ತೀರಿಕೊಂಡ್ರು. ನೀವಿದ್ದ ಮನಿ ಅವರು ಯಾರಿಗೂ ಕೊಟ್ಟಿದ್ದಿಲ್ಲ. ಈಗ ವಾರಸದಾರ್ರು ಎರಡೂ ಮನಿ ಕೆಡವತಾರಂತ. ನಿಮ್ಮ ಸಾಮಾನು ತಗದಿಡೂಣಂತ ಮೊನ್ನೆ ಹೋಗಿದ್ದೆ. ತಿರುಗಿ ಕೀಲಿ ಹಾಕುವಾಗ..." ಅವನು ಜೇಬಿನಿಂದ ಕೀಲಿ ತೆಗೆದು ಮಾಸ್ತರರ ಮುಂದಿಟ್ಟ. "ಅನ್ನಪೂರ್ಣವ್ವ ತಂಗೀ ದನಿ ನನಗ ಗೊತ್ತಿಲ್ಲೇನ್ರಿ? ಹೋಗಿ ಬರ್ರಿ ಅಂದ್ಲು. ಏಳು ವರ್ಷ ಆತು ಮಾಸ್ತರ್ರ, ನೀವು ಶಾಲಿಗೆ ಹೋಗೀರಿ ಅಂತ ತಿಳಕೊಂಡು ಅಕಿ ಇನ್ನೂ ಅಲ್ಲೇ ಕುಂತಾಳ."

ಮಾಸ್ತರರು ಬಿಕ್ಕಿ ಬಿಕ್ಕಿ ಅತ್ತರು. ಮಗಳು ಪೇಢೆಯನ್ನು ಅವರ ಬಾಯಿಗೆ ಹಿಡಿದಳು.

ಮರುದಿನ ಮೂವರೂ ಲಕ್ಷ್ಮೇಶ್ವರಕ್ಕೆ ಹೋದರು. ಎದುರಿನ ದೊಡ್ಡ ಮನೆಗೆ ಆಗಲೇ ಬಾಗಿಲಿರಲಿಲ್ಲ. ಲಾಡಸಾಬ ಸುಮಿತ್ರವ್ವನ ಕೈ ಹಿಡಿದು ಬೀದಿಯಲ್ಲಿ ನಿಂತ. ಮಾಸ್ತರರು ಕೀಲಿ ತೆಗೆದು ಒಳಗೆ ಹೋದರು. ಮಣೆ ಗೋಡೆಗೆ ಆನಿಸಿದಂತೆಯೇ ಇತ್ತು. ಒಲೆಯ ಮುಂದೆ ತುಂಬ ಹೊತ್ತು ಕೂತರು. ಮಗಳು ಎಷ್ಟು ಎತ್ತರ ಆಗಿದ್ದಾಳೆ, ಏನು ತಿನ್ನುತ್ತಾಳೆ, ಯಾವುದಕ್ಕೆ ಹಟ ಮಾಡುತ್ತಾಳೆ, ಎಲ್ಲವನ್ನೂ ಹೇಳಿದರು. ಆಮೇಲೆ ಎದ್ದು, ಹೊಸ್ತಿಲಲ್ಲಿ ನಿಂತು, ತಿರುಗಿ, ಇಡೀ ಮನೆಯನ್ನು ಒಮ್ಮೆ ಕಣ್ತುಂಬ ನೋಡಿದರು. ಈ ಸಲ ನಾಲಗೆ ತಡವರಿಸಲಿಲ್ಲ.

"ಅನ್ನಪೂರ್ಣಾ, ಹೊಕ್ಕೇನಿ."

ಅವರು ಕಾದರು. ಎಷ್ಟು ಅಂದರೂ ಅದು ಮದುವೆಯಾದಾಗಿನ ರೂಢಿ, ಕಿವಿ ಆ ಮಾತಿಗೆ ಕಾದಿತ್ತು. ಒಲೆಯ ಕಡೆಯಿಂದ ಯಾವ ಮಾತೂ ಬರಲಿಲ್ಲ. ಮನೆ ಬರೀ ಮನೆಯಾಗಿತ್ತು. ಆ ಮೌನದಲ್ಲಿ ಅವರಿಗೆ ಕಾಲು ಕೀಳಲಾಗಲಿಲ್ಲ, ಹೊಸ್ತಿಲಲ್ಲೇ ಕಂಬದ ಹಾಗೆ ನಿಂತುಬಿಟ್ಟರು.

ಬೀದಿಯಲ್ಲಿ ಸುಮಿತ್ರವ್ವನಿಗೆ ನಿಂತು ನಿಂತು ಬೇಸರ ಬಂದಿತ್ತು. ಲಾಡಸಾಬನ ಕೈ ಬಿಡಿಸಿಕೊಂಡು ಮೆಟ್ಟಿಲ ಹತ್ತಿರ ಬಂದು ಕೂಗಿದಳು.

"ಹೋಗೂಣು ಬಾ ಅಪ್ಪಾ!"

ಮಾಸ್ತರರು ಬಾಗಿಲು ಹಾಕಿಕೊಂಡು ಮೆಟ್ಟಿಲು ಇಳಿದು ಬಂದರು.